ಗೇಣುದ್ದದ ಓರೆ

ಇಂದಿರಾನಗರದ ಈ ಫ್ಲ್ಯಾಟಿನ ಕೀಲಿ ಕೈಗೆ ಬಂದ ದಿನ ನಾನು ಮೊದಲು ಮಾಡಿದ ಕೆಲಸ ಹಾಲು ಉಕ್ಕಿಸಿದ್ದಲ್ಲ. ಹಾಲ್‌ನ ಒಂದು ಮೂಲೆಯಲ್ಲಿ ಟೇಪಿನ ತುದಿಯ ಮೇಲೆ ಇಟ್ಟಿಗೆ ಹೇರಿ, ಇನ್ನೊಂದು ತುದಿಯನ್ನು ಎದುರು ಮೂಲೆಯವರೆಗೆ ಎಳೆದುಕೊಂಡು ಹೋದದ್ದು. ಆಮೇಲೆ ಉಳಿದೆರಡು ಮೂಲೆಗಳಿಗೂ ಹಾಗೆಯೇ. ಬಿಲ್ಡರ್ ಕಡೆಯ ಇಂಜಿನಿಯರ್ ಹುಡುಗಿ, ಪಾಪ, ನಗು ತಡೆದುಕೊಂಡು ನಿಂತಿದ್ದಳು.

“ಆಂಟಿ, ನಾವು ಎಲ್ಲಾ ಲೇಸರ್‌ನಲ್ಲಿ ಚೆಕ್ ಮಾಡಿರ್ತೀವಿ.”

“ಲೇಸರ್ ಹಿಡಿದೋರು ಯಾರಮ್ಮ?”

“ನಮ್ಮ ಟೀಮೇ ಆಂಟಿ.”

“ಅದಕ್ಕೇ ಅಳೀತಿರೋದು.”

ಎದುರುಬದುರು ಗೋಡೆಗಳು ಸಮ ಇವೆ ಎಂದು ಯಾರಾದರೂ ಹೇಳಿದರೆ ನನಗೆ ಸಮಾಧಾನವಿಲ್ಲ. ಎದುರುಬದುರು ಸಮವಾಗಿದ್ದೂ ಕೋಣೆ ಒಂದು ಕಡೆಗೆ ವಾಲಿರಬಹುದು. ಮೂಲೆಯಿಂದ ಮೂಲೆಗೆ ಎಳೆದ ಎರಡು ಡಯಾಗನಲ್‌ಗಳೂ ಒಂದೇ ಅಳತೆ ಬಂದರೆ ಮಾತ್ರ ನಾನು ನಂಬುವುದು. ಮಹದೇವಪುರದ ಕಡೆ ಗೆಳತಿಯರ ಮಕ್ಕಳ ಗೃಹಪ್ರವೇಶಕ್ಕೆ ಹೋದಾಗಲೂ ನನ್ನ ಕಣ್ಣು ದೇವರ ಮಂಟಪದ ಕಡೆ ಹೋಗುವುದಿಲ್ಲ, ಗೋಡೆಯ ಪಕ್ಕದ ಕೊನೆಯ ಸಾಲಿನ ಟೈಲ್ಸ್ ಕಡೆ ಹೋಗುತ್ತದೆ. ಈ ತುದಿಯಲ್ಲಿ ಅಂಗೈಯಗಲ ಇದ್ದ ಟೈಲು ಆ ತುದಿ ಸೇರುವಷ್ಟರಲ್ಲಿ ಎರಡು ಬೆರಳಿಗೆ ಇಳಿದಿದ್ದರೆ ಆ ಕೋಣೆ ಸುಳ್ಳು ಹೇಳುತ್ತಿದೆ ಎಂದೇ ಅರ್ಥ. ಬಾಯಿಬಿಟ್ಟು ಹೇಳುವುದಿಲ್ಲ, ಕೇಸರಿಬಾತ್ ತಿಂದು ಎದ್ದು ಬರುತ್ತೇನೆ. ಮನುಷ್ಯರ ವಿಷಯದಲ್ಲೂ ನಾನು ಹೀಗೆಯೇ ಎಂದು ಮನೆಯವರು ಆಡಿಕೊಳ್ಳುತ್ತಾರೆ. ಇರಬಹುದು. ಈ ರೋಗ ಹತ್ತಿದ್ದು ಹಲಸೂರಿನ ಮನೆಯಲ್ಲಿ, ನಾನು ಎಂಟನೇ ಕ್ಲಾಸಿನಲ್ಲಿದ್ದಾಗ.

ಆ ಮನೆ ಜೋಗುಪಾಳ್ಯಕ್ಕೆ ಹೋಗುವ ದಾರಿಯಲ್ಲಿತ್ತು. ಮುಂದೆ ರಸ್ತೆ, ಎಡಕ್ಕೆ ಒಂದು ಓಣಿ. ಓಣಿ ರಸ್ತೆಗೆ ಸ್ವಲ್ಪ ಓರೆಯಾಗಿ ಸೇರುತ್ತಿತ್ತು. ಮುಂದಿನ ಗೋಡೆಯನ್ನು ರಸ್ತೆಗೆ ಸರಿಯಾಗಿ, ಪಕ್ಕದ ಗೋಡೆಯನ್ನು ಓಣಿಗೆ ಸರಿಯಾಗಿ ಕಟ್ಟಿದ್ದರಿಂದ ಮನೆಯೂ ಆ ಓರೆಯನ್ನು ಹುಟ್ಟಿನಿಂದಲೇ ಪಡೆದುಕೊಂಡಿತ್ತು. ಕಣ್ಣಿಗೆ ಕಾಣುತ್ತಿರಲಿಲ್ಲ. ಮುಂದೆ ಉದ್ದಗಲದ ಪಡಸಾಲೆ, ಅಲ್ಲಿ ಅಜ್ಜಿಯ ಮಂಚ, ಅಪ್ಪನ ಒರಗು ಕುರ್ಚಿ, ಗೋಡೆಗೆ ಒರಗಿಸಿದ ಹಾಸಿಗೆ ಸುರುಳಿಗಳು. ಹಿಂದೆ ಅಡುಗೆಮನೆ, ಉಗ್ರಾಣ, ಬಚ್ಚಲು. ಅದರಾಚೆ ನಲ್ಲಿಯೂ ಒಗೆಯುವ ಕಲ್ಲೂ ಇದ್ದ ಹಿತ್ತಲು. ಅಪ್ಪ, ಅಮ್ಮ, ನಾನು, ಚಿಕ್ಕಪ್ಪ, ಚಿಕ್ಕಮ್ಮ, ಎಲ್ಲರ ಮೇಲೆ ಅಜ್ಜಿ. ಒಂದೇ ಒಲೆ.

ಒಂದೇ ಒಲೆ ಎಂದೆ, ಆದರೆ ಆ ಒಲೆಯ ಸುತ್ತ ಎರಡು ಜೊತೆ ಕಣ್ಣುಗಳು ಸದಾ ಕಾವಲಿದ್ದವು. ಅಮ್ಮ ತುಪ್ಪದ ಡಬ್ಬಿಯ ಒಳಮೈಗೆ ಉಗುರಿನಿಂದ ಗೀರು ಹಾಕಿಡುತ್ತಿದ್ದಳು. ಚಿಕ್ಕಮ್ಮ ಉಪ್ಪಿನಕಾಯಿ ಜಾಡಿಯ ಬಟ್ಟೆಯನ್ನು ತನಗೆ ಮಾತ್ರ ಗೊತ್ತಿರುವ ಗಂಟಿನಲ್ಲಿ ಕಟ್ಟುತ್ತಿದ್ದಳು. ದೊಡ್ಡ ಜಗಳವೆಂದರೆ ಬೆಳಗಿನ ಕಾಫಿಯದು. ಫಿಲ್ಟರಿನಿಂದ ಮೊದಲು ಇಳಿಯುವ ಗಟ್ಟಿ ಡಿಕಾಕ್ಷನ್ ಗಂಡಸರಿಗೆ ಮತ್ತು ಅಜ್ಜಿಗೆ, ಅದರ ಮೇಲೆ ಮತ್ತೆ ನೀರು ಹಾಕಿ ಇಳಿಸಿದ ತೆಳುವಾದದ್ದು ಹೆಂಗಸರಿಗೆ ಎಂಬುದು ಮನೆಯ ಕಾನೂನು. ಆದರೆ ಆ ಗಟ್ಟಿ ಡಿಕಾಕ್ಷನ್ ದಿನಕ್ಕೆ ಅರ್ಧ ಲೋಟ ಕಮ್ಮಿಯಾಗುತ್ತಿತ್ತು.

“ಮೊದಲನೇದು ಇಷ್ಟೇನಾ ಇಳಿದಿದ್ದು?” ಎನ್ನುವಳು ಅಮ್ಮ.

“ಫಿಲ್ಟರನ್ನೇ ಕೇಳಿ ಅಕ್ಕ. ನಾನು ಎದ್ದಾಗ ಅದು ಬಾಯಿ ಬಿಡ್ಲಿಲ್ಲ.”

“ಫಿಲ್ಟರಿಗೆ ಬಾಯಿಲ್ಲ, ಕುಡಿಯೋರಿಗೆ ಇದೆ.”

“ಕುಡಿದೋರ ಬಾಯಿ ವಾಸನೆ ನೋಡ್ಬೇಕಿತ್ತು. ನೋಡಿದೀನಿ ಬಿಡಿ.”

ಅಜ್ಜಿ ಮಂಚದ ಮೇಲೆ ಬೆನ್ನು ತಿರುಗಿಸಿ ಮಲಗಿರುತ್ತಿದ್ದಳು. ಕುಡಿಯುತ್ತಿದ್ದದ್ದು ಅಜ್ಜಿಯೇ ಎಂದು ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ. ಹೇಳಿದ್ದರೆ ನಿನಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಬರುತ್ತಿತ್ತು, ಅಜ್ಜಿ ನನಗೂ ಎರಡು ಗುಟುಕು ಕೊಡುತ್ತಿದ್ದಳು.

ಈ ಎಲ್ಲ ಗುಮಾನಿಗಳ ನಡುವೆ ಚಿಕ್ಕಮ್ಮನೂ ನಾನೂ ಮಾತ್ರ ಒಬ್ಬರನ್ನೊಬ್ಬರು ಅನುಮಾನಿಸದೆ ಇದ್ದೆವು. ಅವಳಿಗೆ ಮಕ್ಕಳಿರಲಿಲ್ಲ. ಕಾನ್ವೆಂಟಿಗೆ ಎರಡು ಜಡೆ, ಕಪ್ಪು ರಿಬ್ಬನ್, ಒಂದು ಕೂದಲು ಹೊರಗೆ ಬಂದರೂ ಸಿಸ್ಟರ್ ಗೇಟಿನಲ್ಲೇ ನಿಲ್ಲಿಸುತ್ತಿದ್ದರು. ಅಮ್ಮ ಹಾಕಿದ ಜಡೆ ಮಧ್ಯಾಹ್ನಕ್ಕೆ ಸಡಿಲವಾಗುತ್ತಿತ್ತು. ಚಿಕ್ಕಮ್ಮನದು ಮರುದಿನ ಬೆಳಗಿನವರೆಗೂ ಹಾಗೇ ಇರುತ್ತಿತ್ತು. ಹಿತ್ತಲಿನ ಕಲ್ಲಿನ ಮೇಲೆ ಕೂತು, ನನ್ನನ್ನು ಮೊಣಕಾಲುಗಳ ನಡುವೆ ಕೂರಿಸಿಕೊಂಡು, ಪಾಠ ಒಪ್ಪಿಸು ಎನ್ನುತ್ತಿದ್ದಳು. ಅವಳು ಓದಿದ್ದು ಕನ್ನಡ ನಾಲ್ಕನೇ ಕ್ಲಾಸು. ಆದರೂ “ಆಪೋಸಿಟ್ ಸೈಡ್ಸ್ ಆರ್ ಈಕ್ವಲ್, ಆಪೋಸಿಟ್ ಆ್ಯಂಗಲ್ಸ್ ಆರ್ ಈಕ್ವಲ್, ಡಯಾಗನಲ್ಸ್ ಬೈಸೆಕ್ಟ್ ಈಚ್ ಅದರ್” ಎಂದು ನಾನು ಹೇಳುತ್ತಾ ಹೋದರೆ, ಸಾಲು ತಪ್ಪಿದ ಕಡೆ ಜಡೆಯನ್ನು ಜಗ್ಗುತ್ತಿದ್ದಳು. ಅರ್ಥ ಗೊತ್ತಿಲ್ಲದಿದ್ದರೂ ಶ್ಲೋಕ ತಪ್ಪಿದ್ದು ಕಿವಿಗೆ ಗೊತ್ತಾಗುತ್ತದಲ್ಲ, ಹಾಗೆ.

ಆ ವರ್ಷ ಜ್ಯಾಮೆಟ್ರಿ ಹೇಳಿಕೊಡುತ್ತಿದ್ದವರು ಸಿಸ್ಟರ್ ಫಿಲೋಮಿನಾ. ಚತುರ್ಭುಜಗಳ ಪಾಠವನ್ನು ಅವರು ಪೊಲೀಸ್ ವಿಚಾರಣೆಯ ಹಾಗೆ ಮಾಡುತ್ತಿದ್ದರು. ಬೋರ್ಡಿನ ಮೇಲೆ ಚಂದದ ಆಯತವೊಂದನ್ನು ಬರೆದು, ಇದೇನು ಎಂದು ಕೇಳುವರು. ರೆಕ್ಟ್ಯಾಂಗಲ್, ಸಿಸ್ಟರ್ ಎಂದು ಕ್ಲಾಸು ಕೂಗಿದರೆ ಮುಗಿಯಿತು. ಹೂ ಟೋಲ್ಡ್ ಯು? ಕೊಟ್ಟಿರುವುದು ಏನು? ಒಂದು ಜೊತೆ ಬದಿ ಸಮಾಂತರ ಅಂತ ಮಾತ್ರ ಕೊಟ್ಟಿದೆ. ಚಿತ್ರವನ್ನು ನಂಬಬೇಡಿ, ಚಿತ್ರ ಬರೆದವರನ್ನೂ ನಂಬಬೇಡಿ, ಕೊಟ್ಟಿರುವುದನ್ನು ಮಾತ್ರ ನಂಬಿ. ಡಬ್ಬಿಯ ಒಳಗೆ ಗೀರು ಹಾಕುವ ಮನೆಯಿಂದ ಬಂದವಳಿಗೆ ಇದು ಬಹಳ ಬೇಗ ಅರ್ಥವಾಯಿತು. ನಾನು ಕ್ಲಾಸಿಗೆ ಫಸ್ಟ್ ಬರತೊಡಗಿದೆ.

ಕೊನೆಗೊಂದು ದಿನ ಅಮ್ಮ ಚಿಕ್ಕಮ್ಮನ ಟ್ರಂಕನ್ನು ತೆಗೆದು ನೋಡಿದಳೋ, ನೋಡಿದಳೆಂದು ಚಿಕ್ಕಮ್ಮ ಊಹಿಸಿದಳೋ, ಇವತ್ತಿಗೂ ಇತ್ಯರ್ಥವಾಗಿಲ್ಲ. ಮನೆಯ ಮಧ್ಯೆ ಗೋಡೆ ಎತ್ತುವುದೆಂದು ತೀರ್ಮಾನವಾಯಿತು. ಅಜ್ಜಿ ಮಂಚದ ಮೇಲಿಂದಲೇ ಹಳೆಯ ನಿಯಮ ಹೇಳಿದಳು: ದೊಡ್ಡವನು ಭಾಗ ಮಾಡಬೇಕು, ಚಿಕ್ಕವನು ಆರಿಸಿಕೊಳ್ಳಬೇಕು. ಭಾಗ ಮಾಡುವವನಿಗೆ ತನಗೆ ಯಾವುದು ಬರುತ್ತದೋ ಗೊತ್ತಿಲ್ಲದಿದ್ದರೆ ಕೈ ಸರಿಯಾಗಿ ಆಡುತ್ತದೆ ಎನ್ನುವುದು ಅದರ ತಿರುಳು. ಆದರೆ ಅಪ್ಪ ಗೆರೆ ಎಳೆಯುವ ಮೊದಲೇ ಚಿಕ್ಕಪ್ಪ ದುಡುಕಿಬಿಟ್ಟ.

“ನನಗೆ ಓಣಿ ಕಡೆ ಇರಲಿ ಅಣ್ಣ. ನಲ್ಲಿ ಆ ಕಡೆ ಇದೆ, ಇವಳಿಗೆ ಅನುಕೂಲ.”

ಹಾಗೆ ಎಡಭಾಗ ಅವರದಾಯಿತು, ಬಲಭಾಗ ನಮ್ಮದು. ಗೆರೆ ಇನ್ನೂ ಬಿದ್ದಿರಲಿಲ್ಲ.

ಶಿವಾಜಿನಗರದಿಂದ ಗಫೂರ್ ಸಾಬ್ ಮೇಸ್ತ್ರಿ ಬಂದರು. ಬಿಳಿ ಗಡ್ಡ, ಕಿವಿಯ ಹಿಂದೆ ಪೆನ್ಸಿಲು. ಮುಂದಿನ ಗೋಡೆ ಇಪ್ಪತ್ತಡಿ ಇತ್ತು. ಹತ್ತಕ್ಕೆ ಒಂದು ಮೊಳೆ ಹೊಡೆದರು. ಹಿಂದಿನ ಗೋಡೆಯೂ ಇಪ್ಪತ್ತಡಿ. ಅಲ್ಲಿಯೂ ಹತ್ತಕ್ಕೆ ಮೊಳೆ. ನಡುವಿನ ಬಾಗಿಲ ಮೂಲಕ ದಾರ ಕಟ್ಟಿ ಬಿಗಿದರು. ಅಪ್ಪ ಮುಂದಿನ ಮೊಳೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ನೋಡಿದರು.

“ಸಾಬ್ರೇ, ದಾರ ನಮ್ಮ ಕಡೆ ವಾಲ್ತಿದೆಯಲ್ಲ?”

“ಮನೇನೇ ವಾಲ್ತೈತೆ ಸಾರ್. ದಾರ ಏನ್ ಮಾಡ್ತೈತೆ?”

“ಗೋಡೆ ನೆಟ್ಟಗೆ ಬರಬೇಕಲ್ರೀ. ಮೂಲೆಮಟ್ಟ ಇಟ್ಟು ನೋಡಿ.”

“ಮೂಲೆಮಟ್ಟ ಇಟ್ರೆ ಮುಂದೆ ಸರಿ, ಹಿಂದೆ ಕೆಡ್ತೈತೆ. ಮನೆ ತಿರ್ಛಾ, ಓರೆ ಐತೆ, ಗೋಡೆ ಭೀ ತಿರ್ಛಾ ಹೋಗ್ಬೇಕು. ಅದೇ ಇನ್ಸಾಫು, ಅದೇ ನ್ಯಾಯ.”

ಅಪ್ಪ ಚಿಕ್ಕಪ್ಪನ ಮುಖ ನೋಡಿದರು. ಮೇಸ್ತ್ರಿಯನ್ನು ಕರೆತಂದವನು ಚಿಕ್ಕಪ್ಪ. ಅಮ್ಮ ಬಾಗಿಲ ಸಂದಿಯಿಂದ ಸಣ್ಣಗೆ ಕೆಮ್ಮಿದಳು. ನಮ್ಮ ಮನೆಯಲ್ಲಿ ಆ ಕೆಮ್ಮಿಗೆ ಒಂದೇ ಅರ್ಥವಿತ್ತು: ನಂಬಬೇಡಿ. ಅಪ್ಪ ನನ್ನನ್ನು ಕರೆದರು.

“ಬೇಬಿ, ಬಾರಮ್ಮ ಇಲ್ಲಿ. ನಿಮ್ಮ ಸ್ಕೂಲಲ್ಲಿ ಇದೇ ತಾನೇ ಹೇಳ್ಕೊಡ್ತಿರೋದು?”

ನಾನು ಕಾಂಪಸ್ ಬಾಕ್ಸ್ ಹಿಡಿದುಕೊಂಡೇ ಹೋದೆ, ನೆನಸಿಕೊಂಡರೆ ಈಗ ಮೈ ಬಿಸಿಯಾಗುತ್ತದೆ. ಬಟ್ಟೆ ಒಣಹಾಕುವ ಹಗ್ಗ ತರಿಸಿ ಪಡಸಾಲೆಯ ಮೂಲೆಯಿಂದ ಮೂಲೆಗೆ ಹಿಡಿಸಿದೆ. ಒಂದು ಡಯಾಗನಲ್‌ಗಿಂತ ಇನ್ನೊಂದು ಒಂದು ಗೇಣು ಉದ್ದ ಬಂತು. ದಿಸ್ ಈಸ್ ನಾಟ್ ಎ ರೆಕ್ಟ್ಯಾಂಗಲ್, ಇದು ಪ್ಯಾರಲಲೋಗ್ರಾಮ್, ಎದುರುಬದುರು ಸಮವಾಗಿದ್ದೂ ವಾಲಿದ ಆಕಾರ, ಎಂದು ಸಾರಿದೆ. ಇಷ್ಟು ದಿನ ಆಯತ ಎಂದು ನಂಬಿಕೊಂಡು ಬದುಕಿದ್ದ ಮನೆಯನ್ನು ಹದಿಮೂರರ ಹುಡುಗಿ ಒಂದು ಹಗ್ಗದಲ್ಲಿ ಹಿಡಿದುಹಾಕಿದ್ದಳು. ಗಫೂರ್ ಸಾಬರಿಗೆ ಖುಷಿಯಾಯಿತು.

“ಶಾಬಾಶ್ ಬೇಬಿ! ನಾನು ಹೇಳಿದ್ದು ಅದೇ. ತಿರ್ಛಾ.”

ಅವರು ನನ್ನನ್ನು ಹೊಗಳಿದ್ದೇ ಅಪ್ಪನ ಮುಖ ಇನ್ನಷ್ಟು ಗಂಟಾಯಿತು. ಗೋಡೆ ಹೇಗೆ ಹೋಗಬೇಕು, ಅದು ಹೇಳು ಎಂದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಗೊತ್ತಿಲ್ಲ, ಯೋಚಿಸಬೇಕು ಎನ್ನುವುದಕ್ಕೆ ನಾಲಿಗೆ ಏಳಲಿಲ್ಲ. ಕಳೆದ ವಾರದ ಪಾಠ ಬಾಯಿಗೆ ಬಂತು.

“ಪ್ಯಾರಲಲೋಗ್ರಾಮಿನ ಏರಿಯಾ ಅಂದ್ರೆ ಬೇಸ್ ಇಂಟು ಹೈಟ್. ಹೈಟ್ ಯಾವಾಗ್ಲೂ ನೆಟ್ಟಗೆ, ತೊಂಬತ್ತು ಡಿಗ್ರಿ. ಎರಡು ಕಡೆಗೂ ಬೇಸ್ ಹತ್ತತ್ತಡಿ, ಹೈಟ್ ಒಂದೇ. ಗೋಡೆ ತೊಂಬತ್ತು ಡಿಗ್ರಿಗೇ ಇರಲಿ. ಎರಡೂ ಸಮ ಆಗುತ್ತೆ.”

“ಬೇಬಿ, ಹಿಂದ್ಗಡೆ ಸಮ ಬರಲ್ಲ, ಬಂದು ನೋಡು ಬೇಟಾ,” ಎಂದರು ಸಾಬರು.

“ಅವಳು ಕಾನ್ವೆಂಟಲ್ಲಿ ಓದ್ತಾಳೆ ಸಾಬ್ರೇ,” ಎಂದರು ಅಪ್ಪ.

“ನಾನು ಓದಿಲ್ಲ ಸಾರ್. ಕಟ್ಟಿದೀನಿ ಅಷ್ಟೇ.”

ಆಗಲೂ ತಡೆಯಬಹುದಿತ್ತು. ಚಿಕ್ಕಪ್ಪ ಹಿಂದಕ್ಕೆ ಹೋಗಿ ಒಮ್ಮೆ ಟೇಪು ಹಿಡಿದಿದ್ದರೆ ಸಾಕಿತ್ತು. ಅವನು ನನ್ನ ತಲೆಯ ಮೇಲೆ ಕೈ ಇಟ್ಟ.

“ಬೇಬಿ ಹೇಳಿದ್ಮೇಲೆ ಮುಗೀತು. ಅವಳೇನು ನಿನಗೊಬ್ಬನಿಗೆ ಮಗಳಾ ಅಣ್ಣ? ನನಗೂ ಮಗಳೇ. ಸಾಬ್ರೇ, ನೆಟ್ಟಗೆ ಎತ್ತಿ.”

ಹಿಂದೆ ನಿಂತಿದ್ದ ಚಿಕ್ಕಮ್ಮ, ಸಾಬರು ಹಿಂದಿನ ಮೊಳೆಯನ್ನು ಕಿತ್ತು, ಒಂದಡಿ ಓಣಿಯ ಕಡೆಗೆ, ಅವಳ ಭಾಗದೊಳಕ್ಕೆ ಸರಿಸಿ ಹೊಡೆದದ್ದನ್ನು ನೋಡುತ್ತಿದ್ದಳು.

ಗೋಡೆ ವಾರದಲ್ಲಿ ಮೇಲೆದ್ದಿತು. ಅಡುಗೆಮನೆಯಲ್ಲಿ ಇಟ್ಟಿಗೆ ಸಾಲು ಸೊಂಟದ ಮಟ್ಟಕ್ಕೆ ಬರುವವರೆಗೆ ಚಿಕ್ಕಮ್ಮ ಅದರ ಮೇಲಿಂದಲೇ ನನಗೆ ದೋಸೆ ದಾಟಿಸುತ್ತಿದ್ದಳು. ಆಮೇಲೆ ಅವಳ ಮುಖ ಮಾತ್ರ ಕಾಣುತ್ತಿತ್ತು, ಆಮೇಲೆ ಬಳೆಗಳ ಸದ್ದು. ಹಿತ್ತಲಿಗೂ ತಡಿಕೆ ಬಿತ್ತು. ಜಡೆ ಅಮ್ಮನ ಕೈಗೆ ಹೋಯಿತು, ಗೇಟಿನಲ್ಲಿ ನಿಲ್ಲುವುದು ರೂಢಿಯಾಯಿತು. ಇನ್ನು ಜಗಳವಿಲ್ಲ ಎಂದುಕೊಂಡಿದ್ದೆವು. ಜಗಳವೇನೋ ನಿಂತಿತು. ಆದರೆ ಮೊದಲು ಎದುರಿಗೇ ಇದ್ದವರನ್ನು ಅನುಮಾನಿಸುತ್ತಿದ್ದವರು ಈಗ ಗೋಡೆಯಾಚೆಯ ಪ್ರತಿ ಸದ್ದನ್ನೂ ಅನುಮಾನಿಸತೊಡಗಿದರು. ಆ ಕಡೆ ಒಗ್ಗರಣೆ ಚಟಪಟ ಅಂದರೆ ಅಮ್ಮ ಇಂಗು ಎಲ್ಲಿಂದ ಬಂತು ಎನ್ನುವಳು. ಅಪ್ಪನಿಗೆ ಅವರ ಪಿಸುಮಾತೆಲ್ಲ ತಮ್ಮ ಮೇಲೆಯೇ.

ಎರಡು ತಿಂಗಳ ನಂತರ ಟೆಸ್ಟ್ ಪೇಪರ್ ಕೊಟ್ಟರು. ಒಂದು ಪ್ರಶ್ನೆ ಹೀಗಿತ್ತು: ಪ್ಯಾರಲಲೋಗ್ರಾಮಿನ ತಳದ ಮಧ್ಯಬಿಂದುವಿನಿಂದ ಲಂಬವಾಗಿ ಒಂದು ರೇಖೆ ಎಳೆದು ಎದುರು ಬದಿಗೆ ಸೇರಿಸಿದೆ. ಎರಡು ಭಾಗಗಳೂ ಸಮವೇ? ನಾನು ಕಣ್ಣು ಮುಚ್ಚಿಕೊಂಡು ಹೌದು ಎಂದು ಬರೆದಿದ್ದೆ, ಮನೆಯಲ್ಲಿ ಗೋಡೆಯೇ ಸಾಕ್ಷಿಯಾಗಿ ನಿಂತಿತ್ತಲ್ಲ. ಉತ್ತರದ ಮೇಲೆ ಕೆಂಪು ಗೆರೆ. ಪಕ್ಕದಲ್ಲಿ ಸಿಸ್ಟರ್ ಬರೆದಿದ್ದರು, ಈ ಭಾಗಗಳೂ ಪ್ಯಾರಲಲೋಗ್ರಾಮ್ ಎಂದು ಯಾರು ಹೇಳಿದರು? ಬೆಂಚಿನಲ್ಲಿ ಕೂತಲ್ಲೇ ಚಿತ್ರ ಬರೆದೆ. ಲಂಬ ರೇಖೆಯ ಎರಡೂ ಕಡೆ ಉಳಿಯುವುದು ಟ್ರಪೀಜಿಯಂ. ಒಂದು ಮೇಲಕ್ಕೆ ಹೋದಂತೆ ಕಿರಿದಾಗುತ್ತದೆ, ಇನ್ನೊಂದು ಅಗಲವಾಗುತ್ತದೆ. ತಳ ಸಮ ಎಂದು ನೋಡಿದ್ದೆ, ತುದಿಯನ್ನು ನೋಡಿರಲಿಲ್ಲ. ಇಡೀ ಕ್ಲಾಸಿನಲ್ಲಿ ಚಿತ್ರವನ್ನು ನಂಬಬಾರದೆಂದು ಗೊತ್ತಿದ್ದವಳು ನಾನು, ನನ್ನ ಬಾಯಿಯನ್ನೇ ನಂಬಿಬಿಟ್ಟಿದ್ದೆ.

ಮನೆಗೆ ಬಂದವಳೇ ಅಡುಗೆಮನೆಯ ಹಿಂದಿನ ಗೋಡೆಯುದ್ದಕ್ಕೂ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆದೆ. ಹದಿನಾಲ್ಕೂವರೆ ಪಾದ. ಆಮೇಲೆ ಓಣಿಯಲ್ಲಿ ಸುತ್ತಿಕೊಂಡು ಹೋಗಿ, ಚಿಕ್ಕಮ್ಮ ಅಂಗಡಿಗೆ ಹೋಗಿದ್ದಾಗ ಅವರ ಕಡೆ ಹೊರಗಿನಿಂದಲೇ ನಡೆದೆ. ಹನ್ನೆರಡು. ಅದೇ ಸಂಜೆ ಅಪ್ಪನಿಗೆ ಹೇಳಿದೆ. ಅವರು ಪೇಪರನ್ನು ಎರಡು ಸಲ ನೋಡಿದರು. ತಮಗೆ ಮೋಸವಾಗುತ್ತದೆಂದು ತಮ್ಮನನ್ನೂ ಮೇಸ್ತ್ರಿಯನ್ನೂ ಗುಮಾನಿಯಿಂದ ನೋಡಿದ ಮನುಷ್ಯ. ಅನ್ಯಾಯವಾಗಿದೆ ಎಂದು ಈಗ ಎದ್ದು ನಿಲ್ಲುತ್ತಾರೆ ಎಂದುಕೊಂಡೆ.

“ಯಾರಿಗಾದ್ರೂ ಹೇಳಿದ್ಯಾ?”

“ಇಲ್ಲಪ್ಪ.”

“ಹೇಳ್ಬೇಡ. ಗೋಡೆ ಎದ್ದಾಯ್ತು. ಅವನೇ ಒಪ್ಪಿದ್ದು.”

“ನಾನು ಹೇಳಿದ್ದಕ್ಕೆ ಒಪ್ಪಿದ್ದಪ್ಪ.”

“ಓದ್ಕೋ ಹೋಗು.”

ಪೇಪರನ್ನು ಅವರು ಹಿಂದಕ್ಕೆ ಕೊಡಲಿಲ್ಲ. ಆ ಗೋಡೆಯೂ ಮನೆಯನ್ನೇ ಕೆಡವಿದ ದಿನದವರೆಗೂ ಅಲ್ಲಿಂದ ಅಲುಗಲಿಲ್ಲ. ಅಪ್ಪ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಅನುಮಾನಕ್ಕೆ ಒಂದೇ ಕಣ್ಣು, ಅದು ತನ್ನ ಕಡೆ ತಿರುಗುವುದಿಲ್ಲ ಎಂದು ಅವತ್ತು ತಿಳಿಯಿತು.

ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ನೋಟ್‌ಬುಕ್ಕಿನ ಹಾಳೆಯಲ್ಲಿ ಮನೆಯ ಚಿತ್ರ ಬರೆದು, ಚಿಕ್ಕಮ್ಮನಿಗೆ ತಿಳಿಯಲೆಂದು ಎಲ್ಲವನ್ನೂ ಕನ್ನಡದಲ್ಲಿ ಬರೆದೆ. ಕರ್ಣ, ಲಂಬ ಎಂಬ ಮಾತುಗಳು ಆಗ ನನಗೆ ಗೊತ್ತಿರಲಿಲ್ಲ. ಮೂಲೆಯಿಂದ ಮೂಲೆ, ನೆಟ್ಟಗೆ, ಓರೆ ಎಂದೇ ಬರೆದೆ. ಮೇಸ್ತ್ರಿ ಹೇಳಿದ್ದೇ ಸರಿ, ನಾನು ಹೇಳಿದ್ದು ತಪ್ಪು ಎಂದು ಕೊನೆಯ ಸಾಲು. ಸ್ಕೂಲಿನಿಂದ ಬರುತ್ತಾ ಅವರ ಹೊಸ ಬಾಗಿಲು ತಟ್ಟಿದೆ. ಚಿಕ್ಕಮ್ಮ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಹಾಳೆಯ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ನಾನು ಹಿಂದಿನ ಗೋಡೆ ತೋರಿಸಿದೆ, ಎಲ್ಲಿಗೆ ಬರಬೇಕಿತ್ತು, ಎಲ್ಲಿಗೆ ಬಂದಿದೆ ಎಂದೆಲ್ಲ ಹೇಳಿದೆ. ನನಗೆ ಬೇಕಿದ್ದದ್ದು ಗೋಡೆ ಸರಿಯಾಗುವುದಲ್ಲ. ಅವಳು ಒಮ್ಮೆ ಬೈದು, ತಲೆಗೆ ಮೊಟಕಿ, ಹೋಗ್ಲಿ ಬಿಡೇ ಎನ್ನಬೇಕಿತ್ತು, ಅಷ್ಟೇ.

“ಯಾರು ಕಳ್ಸಿದ್ದು ನಿನ್ನ?”

“ಯಾರೂ ಇಲ್ಲ. ನಾನೇ ಬಂದೆ.”

“ನಿಮ್ಮಪ್ಪಂಗೆ ಗೊತ್ತಾ?”

ಸುಳ್ಳು ಹೇಳಲಾಗಲಿಲ್ಲ. ಗೊತ್ತು, ಹೇಳಬೇಡ ಅಂದರು ಎಂದೆ. ಅವಳು ನಕ್ಕಳು.

“ಹೇಳ್ಬೇಡ ಅಂದ್ರು, ನೀನು ಬಂದು ಹೇಳ್ದೆ. ನಾನು ನಂಬ್ಬೇಕು.”

“ನಿಜ ಚಿಕ್ಕಮ್ಮ.”

“ಅವತ್ತು ನೆಟ್ಟಗಿರಲಿ ಅಂದೋಳೂ ನೀನೇ, ಇವತ್ತು ಓರೆಯಾಗ್ಬೇಕಿತ್ತು ಅನ್ನೋಳೂ ನೀನೇ. ಎರಡೂ ನಿನ್ನ ಪುಸ್ತಕದಲ್ಲೇ ಇದ್ಯಾ?”

“ಅದು ತಪ್ಪು. ಇದು ಸರಿ.”

“ಅವತ್ತೂ ಹಿಂಗೇ ಅಂದಿದ್ದೆ. ಇದೇ ಮುಖ ಇಟ್ಕೊಂಡು.” ಸೊಪ್ಪಿನ ಮೊರವನ್ನು ಪಕ್ಕಕ್ಕೆ ಸರಿಸಿದಳು. “ಈಗ ಏನು, ಗೋಡೆ ಒಡೆಸಿ ಇನ್ನೊಂದಡಿ ಈ ಕಡೆ ತರ್ಬೇಕಂತಾ ನಿಮ್ಮಪ್ಪಂಗೆ?”

“ಆ ಕಡೆ ಹೋಗ್ಬೇಕು ಅಂತ ಬರೆದಿದೀನಲ್ಲ! ನೀನೇ ಅಳೆದು ನೋಡು.”

“ಅಳೆದಿದೀನಿ. ಗೋಡೆ ಹಸಿ ಇರೋವಾಗ್ಲೇ ಅಳೆದೆ. ನಿಮ್ಮ ಚಿಕ್ಕಪ್ಪಂಗೆ ಹೇಳಿದ್ರೆ, ಬೇಬಿ ತಪ್ಪು ಹೇಳಲ್ಲ, ನಿನ್ನ ಟೇಪೇ ಸರಿಯಿಲ್ಲ ಅಂತ ನನ್ನ ಬಾಯಿ ಮುಚ್ಚಿಸಿದ್ರು.”

ನನಗೆ ಅಳು ಬಂತು. ಅವಳು ಅಳುವನ್ನೂ ಸ್ವಲ್ಪ ಹೊತ್ತು ನೋಡಿದಳು, ತುಪ್ಪ ಅಸಲಿಯೋ ಅಲ್ಲವೋ ಎಂದು ನೋಡುವ ಹಾಗೆ. ಎದ್ದು ಹೋಗಿ ಗೂಡಿನಿಂದ ಪೆನ್ನು ತಂದಳು. ಹಾಳೆಯನ್ನು ನನ್ನ ಮುಂದೆ ನೆಲದ ಮೇಲೆ ಹರಡಿ, ಕೊನೆಯ ಸಾಲಿನ ಕೆಳಗೆ ಬೆರಳಿಟ್ಟಳು.

“ಸೈನ್ ಹಾಕು.”

“ಯಾಕೆ ಚಿಕ್ಕಮ್ಮ?”

“ನಾಳೆ ನೀನು, ಹೇಳೇ ಇಲ್ಲ ಅಂದ್ರೆ? ಅಪ್ಪನ ಹೆಸರೂ ಬರಿ. ಪೂರ್ತಿ.”

ಬರೆದೆ. ಅವಳು ಹಾಳೆಯನ್ನು ಬೆಳಕಿಗೆ ಹಿಡಿದು, ಶಾಯಿ ಆರುವವರೆಗೆ ಊದಿ, ಅಕ್ಷರಗಳ ಮೇಲೆ ಮತ್ತೆ ಕಣ್ಣಾಡಿಸಿದಳು. ಮಡಿಸುವ ಮೊದಲು ನನ್ನ ಕಡೆ ತಿರುಗಿ ಕೇಳಿದಳು.

“ಇದು ನಿನ್ನ ನಿಜವಾದ ಸೈನೇ ತಾನೇ? ಬೇರೆ ಇನ್ನೊಂದು ಇಲ್ಲ ಅಲ್ವಾ?”

ಅಲ್ಲಿಯವರೆಗೆ ನಾನು ಎಲ್ಲಿಯೂ ಸಹಿ ಹಾಕಿದವಳಲ್ಲ. ಅದೇ ಮೊದಲನೆಯದು. ಅದು ನನ್ನದೇ ಎಂದು ಸಾಧಿಸಿ ತೋರಿಸಲು ಅದರ ಪಕ್ಕದಲ್ಲಿಡಲು ನನ್ನ ಬಳಿ ಇನ್ನೊಂದು ಇರಲಿಲ್ಲ.